ಬುಡ ಗಟ್ಟಿ, ಕೊರಳು ಮೆತ್ತಗೆ

ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ವಾಪಸು ಬಂದ ಹೆಂಗಸು ನಾನು. ಒಮ್ಮೆಯಲ್ಲ, ಎಷ್ಟು ಸಲವೋ. ಕಾರವಾರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಅಲ್ಲಿ ಪ್ರತಿ ಟ್ಯೂಬಿನ ಮೇಲಿನ ಹೆಸರನ್ನು ಮೂರು ಸಲ ಓದುತ್ತೇನೆ, ಓದಿದ್ದು ಹೌದೋ ಎಂದು ನಾಲ್ಕನೇ ಸಲ ನೋಡುತ್ತೇನೆ. ಜತೆಗಿರುವ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನನ್ನ ತಲೆಯೊಳಗೆ ಒಬ್ಬ ವಾಚಮನ್ ಇದ್ದಾನೆ, ಅವನಿಗೆ ರಜೆಯೇ ಇಲ್ಲ ಎಂದು ಗಂಡ ಚೇಷ್ಟೆ ಮಾಡುತ್ತಾರೆ. ನಗಲಿ ಪಾಪ. ಆ ವಾಚಮನ್ ನನ್ನ ತಲೆಯೊಳಗೆ ಬಂದು ಕೂತದ್ದು ಯಾವ ಮನೆಯಲ್ಲಿ, ಯಾವ ಒಲೆಯ ಮುಂದೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಮೊನ್ನೆ ಮೊನ್ನೆಯವರೆಗೂ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಹಟ್ಟಿಕೇರಿಯ ನಮ್ಮ ಮನೆಗೆ ಮುಂದೆ ಜಗಲಿ, ಒಳಗೆ ಉದ್ದಕ್ಕೆ ಒಂದು ನಡುಮನೆ, ಅದರ ಬಲಕ್ಕೆ ದೇವರ ಕೋಣೆ, ಹಿಂದೆ ಅಡಿಗೆಮನೆ. ಹಿತ್ತಲಂಗಳ ದಾಟಿದರೆ ಬಚ್ಚಲು. ಇವಿಷ್ಟೂ ಅಜ್ಜಿಯ ಮತ್ತು ಅವ್ವಿಯ ರಾಜ್ಯ. ಅಪ್ಪನಿಗೆ ಇದ್ದದ್ದು ಜಗಲಿಯ ತುದಿಗೆ ಇಳಿಮಾಡು ಎಳೆದು ಕಟ್ಟಿದ ಮೂಲೆಕೋಣೆ ಒಂದೇ. ಅಲ್ಲಿ ಒಂದು ಹಲಸಿನ ಹಲಗೆಯ ಮೇಜು, ಅದಕ್ಕೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು. ಅಪ್ಪ ಕದ್ರಾದ ವಿದ್ಯುತ್ ಕೇಂದ್ರದ ವರ್ಕಶಾಪಿನಲ್ಲಿ ಫಿಟ್ಟರ್ ಆಗಿದ್ದ. ವಾರವೆಲ್ಲ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಸಂಜೆ ಬರುತ್ತಿದ್ದ. ಬರುವಾಗ ಕಾರವಾರದ ಪೇಟೆಯಿಂದ ಬಂಗಡೆ ತರುತ್ತಿದ್ದ. ಅವ್ವಿ ಅದಕ್ಕೆ ತೆಂಗಿನಕಾಯಿ, ಕೊತ್ತುಂಬರಿ ಅರೆಯುವ ಹೊತ್ತಿಗೆ ಅಪ್ಪ ಕೈಕಾಲು ತೊಳೆದು, ಪಂಚೆ ಸುತ್ತಿ, ಮೂಲೆಕೋಣೆಯ ಬಾಗಿಲು ತೆಗೆದಿರುತ್ತಿದ್ದ. ಆ ಬಾಗಿಲಿನ ಸಪ್ಪಳ ಕೇಳಿದರೆ ನಾನು ಪುಸ್ತಕ ಬಿಸಾಡಿ ಓಡುತ್ತಿದ್ದೆ. ಮನೆಯಲ್ಲಿ ನಾನೊಬ್ಬಳೇ ಮಗಳು. ಆಗ ನನಗೆ ಹನ್ನೊಂದು ವರ್ಷ.

ಮೂಲೆಕೋಣೆಯಲ್ಲಿ ನಡೆಯುತ್ತಿದ್ದದ್ದು ತೋಟೆಯ ಕೆಲಸ. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಒಂದು ಬಂದೂಕು ಇತ್ತು. ಅಜ್ಜ ಮರ ಕಡಿಸುವ ಕಂತ್ರಾಟುದಾರನೊಬ್ಬನ ಕೈಕೆಳಗೆ ಮುಕಾದಮನಾಗಿದ್ದವನು. ಊರು ಬಿಟ್ಟು ಹೋಗುವಾಗ ಆ ಧಣಿ ಅಜ್ಜನಿಗೆ ಕೊಟ್ಟುಹೋದದ್ದಂತೆ. ಬೆಳೆ ಕಾಯುವುದಕ್ಕೆಂದು ಅದಕ್ಕೆ ಲೈಸೆನ್ಸು ಇತ್ತು, ತೋಟೆ ತುಂಬಿಕೊಳ್ಳುವುದಕ್ಕೂ ಅಪ್ಪ ಕಚೇರಿಗಳಿಗೆ ಅಲೆದು ಕಾಗದ ಮಾಡಿಸಿಕೊಂಡು ಬಂದಿದ್ದ. ತೊಂದರೆ ಏನೆಂದರೆ ಅಷ್ಟು ಹಳೆಯ ಬಂದೂಕಿಗೆ ಹೊಂದುವ ತೋಟೆ ಆಗಲೇ ಎಲ್ಲಿಯೂ ತಯಾರಾಗುತ್ತಿರಲಿಲ್ಲ. ಹಾಗಾಗಿ ಅಪ್ಪ ಬೇರೆ ಜಾತಿಯ ಬಂದೂಕಿನ, ಹಾರಿಸಿ ಖಾಲಿಯಾದ ಹಿತ್ತಾಳೆ ಚಿಪ್ಪುಗಳನ್ನು ತಂದು, ತಾನೇ ಮಾಡಿದ ಉಕ್ಕಿನ ಅಚ್ಚಿನಲ್ಲಿ ಒತ್ತಿ ಒತ್ತಿ, ನಮ್ಮ ಬಂದೂಕಿನ ಅಳತೆಗೆ ಇಳಿಸುತ್ತಿದ್ದ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಒಂದು ಚಿಪ್ಪು ನಾಲ್ಕೈದು ಅಚ್ಚು ದಾಟಬೇಕು. ಹತ್ತು ಒತ್ತಿದರೆ ಮೂರು ಸೀಳಿಹೋಗುತ್ತಿದ್ದವು. ಇಪ್ಪತ್ತು ಒಳ್ಳೆಯ ಚಿಪ್ಪು ಆಗಬೇಕಾದರೆ ಒಂದು ಮಳೆಗಾಲ ಪೂರ್ತಿ ಬೇಕಾಗುತ್ತಿತ್ತು. ನಮ್ಮ ಮನೆಯ ಮಾತಿನಲ್ಲಿ ತೋಟೆ ಅಂದರೆ ಈ ಖಾಲಿ ಚಿಪ್ಪು. ಮದ್ದು, ಗುಂಡು ತುಂಬಿದ ಮೇಲೆ ಅದು ಈಡು. ಈಡು ಮಾಡುವಾಗ ನನಗೆ ಆ ಕೋಣೆಯ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ.

ಅವ್ವಿಗೆ ಈ ಕಾರುಬಾರು ಯಾವುದೂ ಬೇಡವಾಗಿತ್ತು. ಹಂದಿ ಗುಡ್ಡದಿಂದ ಇಳಿದು ಶೇಂಗಾ, ಗೆಣಸು ಅಗೆಯುವುದು ನಿಜ, ಆದರೆ ಹಂದಿ ಓಡಿಸುವುದಕ್ಕೆ ಒಂದು ಗರ್ನಾಲು ಪಟಾಕಿ ಹೊಡೆದರೆ ಸಾಲದೇ ಎನ್ನುವುದು ಅವಳ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಹೊಡೆದ ಈಡುಗಳೆಲ್ಲ ಆಕಾಶಕ್ಕೆ ಇಲ್ಲವೇ ಗದ್ದೆಯಂಚಿನ ದರೆಗೆ ಬಿದ್ದಿದ್ದವೇ ಹೊರತು ಒಂದು ಹಂದಿಯ ರೋಮಕ್ಕೂ ತಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹೊಡೆಯುವುದಲ್ಲ, ಯಾರಿಂದಲೂ ಆಗದ ಅಳತೆಯನ್ನು ಕೂಡಿಸುವುದು. ಅದು ಗೊತ್ತಿದ್ದೂ ಅವ್ವಿ ಪ್ರತಿ ಶನಿವಾರ ಅಡಿಗೆಮನೆಯಿಂದಲೇ ಶುರುಮಾಡುತ್ತಿದ್ದಳು.

"ಇದ್ದ ಒಬ್ಳು ಮಗಳ ಕೈಯಾಗೆ ತೋಟೆ ಕೊಡ್ತ್ರಲ್ಲ, ನಾಕು ಮೊಳ ಹೂ ಕಟ್ಟುಕೆ ಕಲಿಸೂಕೆ ಆಗೂದಿಲ್ವ ನಿಮಗೆ?"

ಅಪ್ಪ ಹೂಂ ಎನ್ನುತ್ತಿದ್ದ. ಹೂಂ ಎಂದರೆ ಮುಗಿಯಿತು, ಆಮೇಲೆ ಅವನ ಕಿವಿಗೆ ಏನೂ ಬೀಳುವುದಿಲ್ಲ. ಅಪ್ಪನಿಗೆ ಸಿಟ್ಟು ಬಂದರೂ ಹಾಗೆಯೇ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಮಾತು ನಿಲ್ಲಿಸಿಬಿಡುತ್ತಾನೆ. ಒಮ್ಮೆ ಅವನ ಹೊಸ ಅರದಿಂದ ನಾನು ತೆಂಗಿನ ಕರಟ ಉಜ್ಜಿ ಹಾಳು ಮಾಡಿದ್ದೆ. ಮೂರು ಶನಿವಾರ ಅವನು ನನ್ನನ್ನು ಮೂಲೆಕೋಣೆಗೆ ಕರೆಯಲಿಲ್ಲ. ಆ ಮೂರು ವಾರ ನಾನು ಜಗಲಿಯ ಮೇಲೆ ಕೂತು ಒಳಗಿನ ಸಪ್ಪಳ ಕೇಳುತ್ತಾ ಉಗುರು ಕಚ್ಚಿದ್ದೇನೆ. ಬೆನ್ನಿಗೆ ನಾಲ್ಕು ಬಿಟ್ಟಿದ್ದರೂ ಅಷ್ಟು ಅಳು ಬರುತ್ತಿರಲಿಲ್ಲ.

ನನ್ನ ಕೆಲಸ ಸಂದು ನೋಡುವುದು. ತೋಟೆಯನ್ನು ಬಂದೂಕಿನ ಹಿಂಬದಿಯಿಂದ ಒಳಗೆ ಕೂರಿಸಿ, ಹಿಂಬಾಗಿಲಿನ ಹಾಗಿರುವ ಬೋಲ್ಟು ಮುಚ್ಚಿದರೆ, ತೋಟೆಯ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವೆ ಕೂದಲೆಳೆಯಷ್ಟೂ ಸಂದು ಉಳಿಯಬಾರದು. ಸಂದು ಉಳಿದರೆ ಈಡು ಹಾರುವಾಗ ಹಿತ್ತಾಳೆ ಹಿಂದಕ್ಕೆ ಎಳೆದುಕೊಂಡು ಹರಿದುಹೋಗುತ್ತದೆ, ಉರಿ ಹೊಡೆದವನ ಮುಖಕ್ಕೇ ಬರುತ್ತದೆ. ಇದನ್ನು ಅಪ್ಪ ನನಗೆ ನೂರು ಸಲ ಹೇಳಿದ್ದ. ಆ ಬಂದೂಕಿನ ಒಳಗಿನ ಅಳತೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅಪ್ಪನೇ ಮೇಣ ಕರಗಿಸಿ ಒಳಗೆ ಹೊಯ್ದು, ಅಚ್ಚು ತೆಗೆದು, ಅದನ್ನು ಅಳೆದು, ಕದ್ರಾದ ಲೇತಿನಲ್ಲಿ ಉಕ್ಕಿನ ಎರಡು ಗೇಜು, ಅಂದರೆ ತೋಟೆಯ ಆಕಾರದ ಅಳತೆಯ ತುಂಡು, ಕಡೆದು ತಂದಿದ್ದ. ಒಂದರ ಮೇಲೆ ಬೋಲ್ಟು ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಅವನ ಪ್ರಕಾರ ಇಡೀ ಮನೆಯಲ್ಲಿ ನಂಬಬಹುದಾದ ವಸ್ತು ಅವೆರಡೇ. ಗೇಜು ಸರಿಬಂದ ಮೇಲೆ ಒಂದೊಂದೇ ತೋಟೆ ಹಾಕಿ ನಾನು ಬೋಲ್ಟು ಮುಚ್ಚಬೇಕು. ಕೊನೆಯ ತಿರುವಿನಲ್ಲಿ ಬೆರಳಿಗೆ ಒಂಚೂರು ತಡೆ ಸಿಕ್ಕರೆ ಒಳ್ಳೆಯ ತೋಟೆ. ತಡೆಯೇ ಇಲ್ಲದಿದ್ದರೆ ಬೇರೆ ಡಬ್ಬಿಗೆ. ಅರ ಹಿಡಿದು ಹಿಡಿದು ತನ್ನ ಬೆರಳು ದಡ್ಡುಗಟ್ಟಿದೆ, ಅಷ್ಟು ಸೂಕ್ಷ್ಮ ತನಗೆ ತಿಳಿಯುವುದಿಲ್ಲ ಎಂದು ಅಪ್ಪ ಆ ಕೆಲಸ ನನಗೆ ಒಪ್ಪಿಸಿದ್ದ. ಶಾಲೆಯಲ್ಲಿ ಯಾರೂ ನನ್ನನ್ನು ಯಾತಕ್ಕೂ ಕೇಳುತ್ತಿರಲಿಲ್ಲ. ಇಲ್ಲಿ ಒಬ್ಬ ದೊಡ್ಡ ಮನುಷ್ಯ ನನ್ನ ಬೆರಳಿನ ಮಾತು ಕೇಳಿ ತೋಟೆ ಇಡುತ್ತಿದ್ದ, ಬಿಡುತ್ತಿದ್ದ. ಆ ಮೇಜಿನ ಪಕ್ಕದ ಸ್ಟೂಲು ನನಗೆ ಸಿಂಹಾಸನ ಎಂದರೆ ಸುಳ್ಳಲ್ಲ.

ಇನ್ನೊಂದು ಕೆಲಸ ಅಪ್ಪ ನನ್ನೆದುರೇ ಮಾಡುತ್ತಿದ್ದ, ಆದರೆ ಮುಟ್ಟಗೊಡುತ್ತಿರಲಿಲ್ಲ. ಒತ್ತಿ ಒತ್ತಿ ಹಿತ್ತಾಳೆ ಬಿರುಸಾಗುತ್ತದೆ, ಬಿರುಸಾದ ಕೊರಳು ಸೀಳುತ್ತದೆ. ಅದಕ್ಕೆ ಪರಾತದಲ್ಲಿ ನೀರು ಹಾಕಿ, ತೋಟೆಗಳನ್ನು ಅರ್ಧ ಮುಳುಗುವಂತೆ ನಿಲ್ಲಿಸಿ, ಬ್ಲೋಲ್ಯಾಂಪಿನ ಉರಿಯನ್ನು ಕೊರಳಿಗೆ ಮಾತ್ರ ತಾಗಿಸುತ್ತಿದ್ದ. ಬಣ್ಣ ತಿರುಗಿತು ಎನ್ನುವಷ್ಟರಲ್ಲಿ ಕಡ್ಡಿಯಿಂದ ತಳ್ಳಿ ನೀರಿಗೆ ಬೀಳಿಸುತ್ತಿದ್ದ. ಕೊರಳ ಸುತ್ತ ಕಂದು ನೀಲಿ ಪಟ್ಟಿ ಮೂಡುತ್ತಿತ್ತು. ನೀರು ಯಾಕೆ ಎಂದು ನಾನು ಕೇಳಿದ್ದೆ. ಅಪ್ಪ ನನ್ನನ್ನು ಕರೆಯುತ್ತಿದ್ದದ್ದು ತಂಗಿ ಎಂದೇ.

"ಕೊರಳು ಮೆತ್ತಗಾಗ್ಬೇಕು, ಬುಡ ಗಟ್ಟಿ ಇರ್ಬೇಕು ತಂಗಿ. ಬುಡಕ್ಕೆ ಬಿಸಿ ತಾಗ್ತು ಅಂದ್ರೆ ಆ ತೋಟೆ ಸತ್ತಾಂಗೆ. ನೋಡೂಕೆ ಎಲ್ಲಾ ಸಮನೇ ಕಾಣ್ತದೆ. ಸಂದು ನೋಡಿದ್ರೂ ತಿಳಿಯೂದಿಲ್ಲ."

ನವರಾತ್ರಿ ಬಂತು. ನಮ್ಮಲ್ಲಿ ಒಂಬತ್ತು ದಿನ ಮೀನು ಇಲ್ಲ. ಅವ್ವಿ ಕೆಸುವಿನ ಸೊಪ್ಪು, ಹೀರೆಕಾಯಿ ಎಂದು ದಿನ ತಳ್ಳುತ್ತಿದ್ದಳು. ಆಯುಧ ಪೂಜೆಗೆ ದೇವರ ಕೋಣೆಯಲ್ಲಿ ಮಣೆ ಹಾಕಿ ಕತ್ತಿ, ಈಳಿಗೆ, ನೇಗಿಲ ಗುಳ, ಅಪ್ಪನ ನಟ್ಟು ತಿರುಗಿಸುವ ಪಾನೆಗಳು, ಮಧ್ಯದಲ್ಲಿ ಬಂದೂಕು, ಅದರ ಮುಂದೆ ಆ ವರ್ಷದ ಹೊಸ ತೋಟೆಗಳನ್ನು ಸಾಲಾಗಿ ಇಡುವುದು ನಮ್ಮ ಮನೆಯ ಪದ್ಧತಿ. ಇಟ್ಟು ಆರತಿ ಆದ ಮೇಲೆ ಮರುದಿನ ಮಣೆ ಎತ್ತುವವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ. ದಸರೆಯ ಬೆಳಿಗ್ಗೆ ಮಣೆ ಎತ್ತಿ, ಅಪ್ಪ ಐದು ತೋಟೆ ಆರಿಸಿ, ಈಡು ಮಾಡಿ, ಗದ್ದೆಯಂಚಿನ ಚಿರೇಕಲ್ಲಿನ ದರೆಗೆ ಹೊಡೆಯುತ್ತಿದ್ದ. ಪೂಜೆಯ ಹಿಂದಿನ ದಿನ ಮನೆಯ ಹಿತ್ತಾಳೆ ಸಾಮಾನೆಲ್ಲ ಬಚ್ಚಲಂಗಳಕ್ಕೆ ಬಂದಿದ್ದವು. ದೀಪದ ಕಂಬ, ಚೊಂಬು, ಗಂಟೆ, ಆರತಿ ತಟ್ಟೆ. ಹುಣಸೆಹಣ್ಣು ಮತ್ತು ಬೂದಿ ಹಾಕಿ ತಿಕ್ಕುವ ಕೆಲಸ ನನಗೆ. ಅಜ್ಜಿ ತೋಟೆಯ ಡಬ್ಬಿಯನ್ನೂ ತಂದು ನನ್ನ ಮುಂದೆ ಇಟ್ಟಳು. ಕೊರಳಿಗೆಲ್ಲ ಮಸಿ ಹಿಡಿದಿದೆ, ದೇವರ ಮುಂದೆ ಇಂಥದ್ದು ಇಡುವುದೇ, ತಿಕ್ಕಿ ಬೆಳಗು ಎಂದಳು. ಇಪ್ಪತ್ತನ್ನೂ ಬೆಳಗಿದೆ. ಒಳಗೆ ನೀರು ನಿಂತಿತ್ತು. ಹೊರಗೆ ಜಿಟಿಜಿಟಿ ಮಳೆ, ಒಣಗಿಸಲು ಬಿಸಿಲಿಲ್ಲ. ಹದಿಮೂರನ್ನು ಬಟ್ಟೆಯ ಮೇಲೆ ಬೋರಲು ಹಾಕಿದೆ. ಬಟ್ಟೆಯಲ್ಲಿ ಜಾಗ ಸಾಲದೆ ಉಳಿದ ಏಳನ್ನು ಬಚ್ಚಲ ಒಲೆಯ ಬಾಯಲ್ಲಿ, ಬಿಸಿ ಬೂದಿಯ ಅಂಚಿಗೆ ಇಟ್ಟೆ. ಮಳೆಗಾಲದಲ್ಲಿ ನಾವು ಬೆಂಕಿಪೊಟ್ಟಣದಿಂದ ಹಿಡಿದು ಕಾಲುಚೀಲದವರೆಗೆ ಎಲ್ಲವನ್ನೂ ಒಣಗಿಸುತ್ತಿದ್ದದ್ದು ಅಲ್ಲಿಯೇ. ಇಟ್ಟು, ಪಕ್ಕದ ಮನೆಗೆ ಟಿವಿ ನೋಡಲು ಹೋದೆ.

ಬಂದು ನೋಡುತ್ತೇನೆ, ಅಜ್ಜಿ ಸ್ನಾನದ ನೀರಿಗೆಂದು ಕಾಯಿಸಿಪ್ಪೆ ತುರುಕಿ ಹೋಗಿದ್ದಳು. ಒಲೆ ಧಗಧಗ ಉರಿಯುತ್ತಿತ್ತು. ಏಳೂ ಕೆಂಡದೊಳಗೆ ಕೆಂಪಾಗಿ ಬಿದ್ದಿದ್ದವು. ಕೊರಳಷ್ಟೇ ಅಲ್ಲ, ಬುಡವೂ. ಇಕ್ಕಳದಿಂದ ಒಂದೊಂದೇ ಎಳೆದು ಬಕೆಟ್ಟಿಗೆ ಹಾಕಿದೆ, ಚುರ್ ಎಂದವು. ಕಪ್ಪು ಕಪ್ಪಾಗಿದ್ದವು. ಮತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ತಿಕ್ಕಿದೆ, ಬೆರಳ ಸಿಪ್ಪೆ ಏಳುವ ಹಾಗೆ ತಿಕ್ಕಿದೆ. ಹೊಳಪು ಬಂತು. ಬಂದದ್ದು ನೋಡಿ ಸಮಾಧಾನವೇ ಆಯಿತು, ಹುಚ್ಚಿ ನಾನು. ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ ಮೇಲೆ ನೆನಪಾಯಿತು: ಇನ್ನು ಆ ಏಳು ಯಾವುವು ಎಂದು ನನಗೂ ತಿಳಿಯುವುದಿಲ್ಲ. ಅಡಿಗೆಮನೆಗೆ ಹೋಗಿ, ಹಿತ್ತಾಳೆ ಬೆಂಕಿಗೆ ಬಿದ್ದರೆ ಏನಾಗುತ್ತದೆ ಎಂದು ಅಜ್ಜಿಯನ್ನು ಕೇಳಿದೆ. ಏನಾಗುವುದು, ತೊಳೆದರೆ ಮತ್ತೆ ಹೊಳೆಯುತ್ತದೆ ಎಂದಳು. ಆ ಮಾತನ್ನೇ ಗಟ್ಟಿ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪ ಹಬ್ಬಕ್ಕೆಂದು ಬಂದ. ಡಬ್ಬಿ ತೆರೆದವನೇ, ಕೊರಳ ಪಟ್ಟಿ ಎಲ್ಲ ಹೋಗಿ ಚಿನ್ನದ ಹಾಗೆ ಹೊಳೆಯುತ್ತಿದ್ದ ತೋಟೆಗಳನ್ನು ನೋಡಿ ನಕ್ಕ. ಅಜ್ಜಿ ತಾನೇ ಹೇಳಿ ತಿಕ್ಕಿಸಿದ್ದು ಎಂದು ಹೆಮ್ಮೆಪಟ್ಟಳು. ಆಗ ಅಪ್ಪ ನನ್ನ ಕಡೆ ತಿರುಗಿದ.

"ಎಲ್ಲಾ ನೋಡಿದ್ಯ ತಂಗಿ?"

"ನೋಡ್ದೆ."

ಅದು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಕಳೆದ ಶನಿವಾರವೇ ಇಪ್ಪತ್ತರ ಸಂದನ್ನೂ ನೋಡಿದ್ದೆ. ಅವನು ಕೇಳಿದ್ದಕ್ಕೆ ಉತ್ತರ ಸರಿಯಿತ್ತು, ಅವನಿಗೆ ತಿಳಿಯಬೇಕಾದದ್ದು ಅದರಲ್ಲಿ ಇರಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಒಂದು ಮಳೆಗಾಲದ ಇಪ್ಪತ್ತು ತೋಟೆಯೂ ತಿಪ್ಪೆಗೆ. ಅವ್ವಿ ಅಡಿಗೆಮನೆಯಿಂದ ಹಬ್ಬದ ದಿನವೇ ಶುರುಮಾಡುತ್ತಾಳೆ. ಅದೆಲ್ಲ ಬಾಯಿಮಾತಿನ ಕಾರಣಗಳು. ನಿಜ ಹೇಳುತ್ತೇನೆ, ನನಗಿದ್ದ ಹೆದರಿಕೆ ಒಂದೇ: ಅಪ್ಪ ಮಾತು ನಿಲ್ಲಿಸುತ್ತಾನೆ, ಮತ್ತೆಂದೂ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸುವುದಿಲ್ಲ. ಮಧ್ಯಾಹ್ನ ಪೂಜೆಯಾಯಿತು. ತೋಟೆಗಳು ಮಣೆಯ ಮೇಲೆ ಕುಂಕುಮ ಹಚ್ಚಿಕೊಂಡು ಸಾಲಾಗಿ ಕೂತವು. ಮೆತ್ತಗಿನ ಹಿತ್ತಾಳೆ ಬಡಿದರೆ ಮೊಂಡಾಗಿ ಕೇಳುತ್ತದೆ ಎಂದು ಅಪ್ಪ ಹಿಂದೊಮ್ಮೆ ಹೇಳಿದ್ದ. ಎಲ್ಲರೂ ಊಟ ಮಾಡಿ ಅಡ್ಡಾದಾಗ ದೇವರ ಕೋಣೆಗೆ ಹೋಗಿ, ಮುಟ್ಟಬಾರದ್ದನ್ನು ಮುಟ್ಟಿ, ಎರಡೆರಡನ್ನು ಮೆಲ್ಲಗೆ ತಾಗಿಸಿ ಕೇಳಿದೆ. ನನ್ನ ಕಿವಿಗೆ ಎಲ್ಲವೂ ಒಂದೇ ಥರ ಕೇಳಿದವು. ಅಷ್ಟರಲ್ಲಿ ಅಜ್ಜಿ ಕೆಮ್ಮಿದಳು. ಇದ್ದಲ್ಲಿಯೇ ಇಟ್ಟು ಹೊರಗೆ ಬಂದೆ.

ದಸರೆಯ ಬೆಳಿಗ್ಗೆ ಅವಲಕ್ಕಿಯ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದೆ. ಮಣೆ ಎತ್ತಿದ ಅಪ್ಪ ಕೈಗೆ ಬಂದ ಐದನ್ನು ತೆಗೆದುಕೊಂಡು ಮೂಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಇಪ್ಪತ್ತರಲ್ಲಿ ಕೆಟ್ಟವು ಏಳು, ಅಪ್ಪ ತೆಗೆದದ್ದು ಐದು. ನಾನು ಜಗಲಿಯಲ್ಲಿ ಕೂತು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದೆ. ಐದೂ ಒಳ್ಳೆಯವೇ ಬಂದಿರಬಹುದು. ಯಾಕೆ ಬಂದಿರಬಾರದು? ದೇವರಿಗೆ ಐದು ಕಾಯಿ ಹೇಳಿಕೊಂಡೆ, ಆಮೇಲೆ ಸಾಲದೆಂದು ಹತ್ತಕ್ಕೆ ಏರಿಸಿದೆ. ಅಪ್ಪ ಹೊರಗೆ ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ಗದ್ದೆಗೆ ಇಳಿದ. ಅಕ್ಕಪಕ್ಕದ ನಾಲ್ಕು ಜನ ದೂರದಲ್ಲಿ ನಿಂತಿದ್ದರು. ಅವ್ವಿ ಎಂದಿನಂತೆ ಒಳಗೇ ಇದ್ದಳು. ಮೊದಲ ಈಡು ಹಾರಿತು, ದರೆಯಿಂದ ಕೆಂಪು ಧೂಳು ಎದ್ದಿತು. ಎರಡನೆಯದೂ ಹಾರಿತು. ಆಗ ನನಗೆ ಎಷ್ಟು ಹಗುರಾಯಿತೆಂದರೆ ನಾನು ನಕ್ಕೇಬಿಟ್ಟೆ. ಅಪ್ಪ ತಿರುಗಿ ನನ್ನನ್ನು ನೋಡಿ ತಾನೂ ನಕ್ಕ. ಆಗಲಾದರೂ ಸಾಕು ಅಪ್ಪ, ನಿಲ್ಲಿಸು ಎನ್ನಬಹುದಿತ್ತು. ಅನ್ನಲಿಲ್ಲ.

ಮೂರನೆಯದು ಬೇರೆ ಥರ ಕೇಳಿಸಿತು, ಒಡೆದ ಹಾಗೆ. ಬಂದೂಕು ಕೆಳಗೆ ಬಿತ್ತು. ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗದ್ದೆಯ ಬದುವಿನ ಮೇಲೆ ಮೆಲ್ಲಗೆ ಕೂತ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಅವ್ವಿ ಅಕ್ಕಿ ತೊಳೆಯುತ್ತಿದ್ದ ಕೈಯಲ್ಲೇ ಓಡಿ ಬಂದಳು. ಪಕ್ಕದ ಮನೆಯವರ ರಿಕ್ಷಾದಲ್ಲಿ ಅಂಕೋಲೆಗೆ, ಅಲ್ಲಿಂದ ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಅಜ್ಜಿಯ ಹತ್ತಿರ ಉಳಿದೆ. ಕನ್ನಡಕದ ಗಾಜು ಸೀಳಿತ್ತು, ಅದು ಇದ್ದದ್ದಕ್ಕೆ ಕಣ್ಣು ಉಳಿಯಿತು ಎಂದು ಸಂಜೆ ಸುದ್ದಿ ಬಂತು. ಬಲಗೆನ್ನೆ ಸುಟ್ಟಿತ್ತು. ಹಿತ್ತಾಳೆಯ ಚೂರೊಂದು ಕಿವಿಯ ಹತ್ತಿರ ಹೊಕ್ಕಿತ್ತು. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಮಗನ ಕಣ್ಣು ಉಳಿಸಿದೆಯಲ್ಲ ಎಂದು ಗಳಗಳ ಅತ್ತಳು. ನಾನು ಅವಳ ಪಕ್ಕ ಕೂತು ಅವಳಿಗಿಂತ ಹೆಚ್ಚು ಅತ್ತೆ. ಮಗುವಿಗೆ ಅಪ್ಪನ ಮೇಲೆ ಎಷ್ಟು ಜೀವ ಎಂದು ಜನ ಕನಿಕರಪಟ್ಟರು.

ಮನೆಗೆ ಬಂದ ಅಪ್ಪ, ಮುಖದ ಪಟ್ಟಿ ಬಿಚ್ಚುವ ಮೊದಲೇ ಮೂಲೆಕೋಣೆಗೆ ಹೋದ. ಒಡೆದ ತೋಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಬುಡದ ಹತ್ತಿರ ಹರಿದಿತ್ತು. ಸಂದು ಹೆಚ್ಚಾದರೂ ಅಲ್ಲಿಯೇ ಹರಿಯುತ್ತದೆ. ಹಳೆಯ ಮೇಣದ ಅಚ್ಚನ್ನು ತೆಗೆದು ಮತ್ತೆ ಅಳೆದ. ಒಂದು ಸಲ ಒಂದು ಬಂತು, ಇನ್ನೊಂದು ಸಲ ಇನ್ನೊಂದು. ಮೇಣ ಕುಗ್ಗಿತ್ತೋ, ಪಟ್ಟಿಯ ಅಡ್ಡದಲ್ಲಿ ಅವನ ಕಣ್ಣಿಗೆ ಸರಿ ಕಾಣಲಿಲ್ಲವೋ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಕರೆದು ಸ್ಟೂಲಿನ ಮೇಲೆ ಕೂರಿಸಿ, ಪಟ್ಟಿ ಕಟ್ಟಿದ ಮುಖ ನನ್ನ ಹತ್ತಿರ ತಂದು ಹೇಳಿದ.

"ನಿನ್ನ ಬೆರಳಿನ ತಪ್ಪಲ್ಲ ತಂಗಿ, ಹೆದರ್ಬ್ಯಾಡ. ನಾ ಕೊಟ್ಟ ಅಳತೆನೇ ತಪ್ಪು. ತಪ್ಪು ಗೇಜು ಕೊಟ್ಟು ಮಗಳ ಹತ್ರ ನೋಡು ಅಂದೆ."

ನಾನು ತಲೆ ತಗ್ಗಿಸಿದೆ. ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದು ಸಾಧ್ಯವೇ ಇರಲಿಲ್ಲ. ಬಾಯಿ ತೆರೆದಿದ್ದರೆ ಅವನು ಸಿಟ್ಟಾಗುತ್ತಿದ್ದನೋ ಏನೋ, ಮೂರು ವಾರವೋ ಮೂರು ತಿಂಗಳೋ ಮಾತು ಬಿಡುತ್ತಿದ್ದನೋ ಏನೋ, ಆಮೇಲೆ ಸರಿಹೋಗುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅವನು ಉಳಿದ ತೋಟೆಗಳನ್ನೆಲ್ಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದ, ಗೇಜುಗಳನ್ನು ಗುಜರಿಯ ಚೀಲಕ್ಕೆ ಹಾಕಿದ. ಆ ವಾರವೇ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ. ಇಷ್ಟು ವರ್ಷ ಬೇಡಿಕೊಂಡದ್ದು ಕೈಗೆ ಬಂದಾಗ ಅವ್ವಿಯ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ.

ಅದು ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕದ್ರಾಕ್ಕೆ ಮರಳಿದ ಅಪ್ಪ ಕೆಲಸದಲ್ಲಿ ತನ್ನ ಅಳತೆಯನ್ನು ತಾನೇ ನಂಬುವುದನ್ನು ಬಿಟ್ಟ. ಯಂತ್ರದ ಒಂದು ಬುಶ್ ಕಡೆದರೆ, ನೋಡು ಮಾರಾಯ ಸರಿಯಿದೆಯಾ ಎಂದು ಪಕ್ಕದ ಲೇತಿನ ದೇವಿದಾಸನನ್ನು ಕರೆಯುತ್ತಿದ್ದನಂತೆ. ಸರಿಯಿದೆ ಎಂದರೆ ಇನ್ನೊಮ್ಮೆ ನೋಡು ಎನ್ನುತ್ತಿದ್ದನಂತೆ. ದೇವಿದಾಸ ಅಪ್ಪನ ಜೀವದ ಗೆಳೆಯ, ಸದಾಶಿವಗಡದ ಕಡೆಯವನು. ಅವನೇ ಒಮ್ಮೆ ಮನೆಗೆ ಬಂದಾಗ ಅವ್ವಿಯ ಹತ್ತಿರ ಬೇಜಾರು ಮಾಡಿಕೊಂಡು ಇದನ್ನೆಲ್ಲ ಹೇಳಿದ. ಇಡೀ ವರ್ಕಶಾಪಿನಲ್ಲಿ ಇಂಥ ಕೈ ಇನ್ನೊಂದಿಲ್ಲ, ಈ ಮನುಷ್ಯನಿಗೆ ಏನು ಹೊಕ್ಕಿದೆಯೋ ಎಂದ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅಪ್ಪ ತಾನೇ ಅರ್ಜಿ ಬರೆದುಕೊಟ್ಟು ಸ್ಟೋರಿಗೆ ಹೋದ. ನಿವೃತ್ತಿಯಾಗುವವರೆಗೆ ಕೌಂಟರಿನ ಹಿಂದೆ ಕೂತು, ಚೀಟಿ ನೋಡಿ ಬೇರೆಯವರಿಗೆ ನಟ್ಟು ಬೋಲ್ಟು ಎತ್ತಿಕೊಟ್ಟ. ಮೂಲೆಕೋಣೆಯಲ್ಲಿ ಅವ್ವಿ ಗೊಬ್ಬರದ ಚೀಲ ಇಟ್ಟಳು. ಶನಿವಾರ ಬಂದ ಅಪ್ಪ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದ. ನಾನು ಆಗಲೇ ಪೆಟ್ಟಿಗೆಗೆ ಚಿಲಕ ಹಾಕಿದೆನೋ, ದೀಪ ಆರಿಸಿದೆನೋ ಎಂದು ಎದ್ದೆದ್ದು ನೋಡಲು ಶುರುಮಾಡಿದ್ದೆ.

ಈಗ ಅಪ್ಪ, ಅವ್ವಿ ನಮ್ಮ ಜತೆ ಕಾರವಾರದ ಹಬ್ಬುವಾಡದ ಮನೆಯಲ್ಲಿದ್ದಾರೆ. ಹೋದ ತಿಂಗಳು ಅಡಿಗೆಮನೆಯ ಕಿಟಕಿಗೆ ಹೊಸ ಚೌಕಟ್ಟು ಕೂರಿಸಲು ಬಡಿಗ ಬಂದಿದ್ದ. ಅವನು ಟೇಪಿನ ತುದಿ ಹಿಡಿದು, ಸುರುಳಿಯನ್ನು ಅಪ್ಪನ ಕೈಗೆ ಕೊಟ್ಟು, ಅಜ್ಜಾ, ಆ ಕಡೆ ಎಷ್ಟು ಬಂತು ಹೇಳಿ ಎಂದ. ಅಪ್ಪ ಟೇಪನ್ನು ಬಿಸಿ ತಾಗಿದವನ ಹಾಗೆ ವಾಪಸು ಕೊಟ್ಟ.

"ನೀನೇ ನೋಡ್ಕೊ. ನನ್ನ ಅಳತೆ ಸರಿ ಬರೂದಿಲ್ಲ."

ಬಡಿಗ ಟೇಪು ಈಸಿಕೊಂಡ. ನಾನು ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದವಳು ಗ್ಯಾಸ್ ಆರಿಸಿ ಅಲ್ಲಿಯೇ ನಿಂತೆ. ಎಷ್ಟು ಸರಳವಾಗಿ ಹೇಳಿಬಿಟ್ಟ, ಜ್ವರ ಬಂದವನು ತನಗೆ ಊಟ ಬೇಡ ಎನ್ನುವಷ್ಟು ಸರಳವಾಗಿ. ಬಡಿಗ ಹೋಗುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಊಟದ ಮೇಜಿನ ಹತ್ತಿರ ಅಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದೆ. ಹುಣಸೆಹಣ್ಣು, ಮಳೆ, ಬಚ್ಚಲ ಒಲೆ, ಪಕ್ಕದ ಮನೆಯ ಟಿವಿ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಆ ಹನ್ನೊಂದು ವರ್ಷದ ಹುಡುಗಿಯದೇ ಆಗಿಹೋಯಿತು. ಅಪ್ಪ ಬೈದರೆ ಸಾಕು, ಎದ್ದು ಹೋದರೂ ಸಾಕು ಎಂದು ಕಾದೆ. ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆಮೇಲೆ ಕೇಳಿದ.

"ಬುಡನೂ ಕೆಂಪಾಗಿತ್ತ?"

"ಹೌದು ಅಪ್ಪ. ಏಳರದ್ದೂ."

"ಚಲೋ ನೋಡಿದ್ಯ? ಕೊರಳು ಅಷ್ಟೇ ಅಲ್ಲಲ?"

"ಬುಡನೂ ಕೆಂಪಾಗಿತ್ತು."

ಅವನ ಮುಖ ಬದಲಾಗುವುದನ್ನು ನೋಡಿದೆ. ಸಿಟ್ಟಿಗಾಗಿ ಹುಡುಕುತ್ತಿದ್ದೆ, ಸಿಟ್ಟು ಅಲ್ಲಿ ಇರಲಿಲ್ಲ. ಕೆನ್ನೆಯ ಹಳೆಯ ಕಲೆ ಎಳೆದುಕೊಳ್ಳುವಷ್ಟು ನಗು ಬಂದಿತ್ತು. ಅಪ್ಪ ಹಾಗೆ ನಕ್ಕದ್ದನ್ನು ಆ ದಸರೆಯ ಎರಡನೆಯ ಈಡಿನ ನಂತರ ನಾನು ಕಂಡಿರಲಿಲ್ಲ. ಅವ್ವಿಯನ್ನು ಕೂಗಿ ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು.

"ಕೇಳ್ದ್ಯ, ಸಂದು ಸರಿ ಇತ್ತಂತೆ. ನನ್ನ ಗೇಜು ಸರಿ ಇತ್ತು."

ಅವ್ವಿ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕುರ್ಚಿ ಹಿಡಿದು ನಿಂತಳು. ಅಪ್ಪ ಆಗಲೇ ಫೋನು ಕೈಗೆ ತೆಗೆದುಕೊಂಡು ದೇವಿದಾಸನಿಗೆ ಹಚ್ಚಿದ್ದ. ಅವನಿಗೆ ಈಗ ಕಿವಿ ಮಂದ, ಹಾಗಾಗಿ ಅಪ್ಪ ಜೋರಾಗಿ ಮಾತಾಡಿದ. ಅಳತೆ ಸರಿಯಿತ್ತು ಮಾರಾಯ ಎಂದ. ಅಲ್ಲ, ತೋಟೆಯ ಬುಡ ಬೆಂದಿತ್ತು, ಅದಕ್ಕೆ ಒಡೆದದ್ದು, ಗೇಜಿನಲ್ಲಿ ಒಂದು ಕೂದಲೂ ಫರಕು ಇರಲಿಲ್ಲ ಎಂದ. ಅದನ್ನೇ ಮೂರು ಸಲ ಹೇಳಿದ. ಯಾರು ಬೇಯಿಸಿದ್ದು ಎಂದು ಆ ಕಡೆಯಿಂದ ಕೇಳಿರಬೇಕು. ಅಪ್ಪ ನನ್ನ ಕಡೆ ಬೆನ್ನು ತಿರುಗಿಸಿದ. ಹಬ್ಬದ ಗಡಿಬಿಡಿ, ಒಲೆಗೆ ಬಿದ್ದಿತ್ತು, ಅಷ್ಟೇ ಎಂದ. ಆ ಮೇಲೆ ಹಳೆಯ ಟರ್ಬೈನಿನ ಯಾವುದೋ ಬುಶ್ಶಿನ ಸುದ್ದಿ ಬಂತು. ಅದನ್ನೂ ನಾನು ಸರಿಯಾಗಿಯೇ ಕಡೆದಿದ್ದೆನಲ್ಲ, ಸುಮ್ಮನೆ ಮತ್ತೆ ಕಡೆಯಲು ನಿನ್ನ ಹತ್ತಿರ ಕೊಟ್ಟೆ ಎಂದು ಅಪ್ಪ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಫೋನು ಮೇಜಿನ ಮೇಲಿಟ್ಟು ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡ.

"ನಾ ಕೆಲಸದಾಗೆ ಇದ್ದಾಗ ಹೇಳ್ಬೇಕಿತ್ತು ತಂಗಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅವ್ವಿ ತಟ್ಟೆ ತಂದಿಟ್ಟು ಅನ್ನ ಬಡಿಸಿದಳು, ಅಪ್ಪ ತಲೆ ತಗ್ಗಿಸಿ ಕಲಸಲು ಶುರುಮಾಡಿದ.